ಎಂಟು ಜನರ ಮ್ಯಾಜಿಕ್ ಟೂರ್ನಮೆಂಟು, ಮಲೆನಾಡಿನ ವಿಚಿತ್ರ ನಿಯಮಗಳ ಜೊತೆ: ಒಂದೇ ದಿನದಲ್ಲಿ ಮುಗಿಸೋದು ಹೇಗೆ?

ತುಂಗೆದಂಡೆ:

ಶ್ರಾವಣದ ಒಂದು ಭಾನುವಾರ ಶಿವಮೊಗ್ಗದಲ್ಲಿ ಎಂಟು ಜನ ಗೆಳೆಯರು ಸೇರಿ ಮ್ಯಾಜಿಕ್ ದ ಗ್ಯಾದರಿಂಗ್ (ಕ್ರೀಚರ್ ಅನ್ನೋ ಜೀವಿಗಳ ಕಾರ್ಡಿಂದ ದಾಳಿ ಮಾಡಿ ಎದುರಾಳಿಯ ಲೈಫು ಅನ್ನೋ ಅಂಕ ಸೊನ್ನೆಗಿಳಿಸೋ ಕಾರ್ಡಾಟ) ಟೂರ್ನಮೆಂಟು ಇಟ್ಕೊಳ್ಳೋ ಯೋಚನೆ ಇದೆ. ಜಾಗ ವಿನೋಬನಗರದ ಒಂದು ಮನೆ ಜಗಲಿ. ಎರಡು ಉದ್ದನೆ ಮೇಜು ಸಿಗುತ್ತೆ.

ತೊಂದರೆ ಏನಂದ್ರೆ ಎಲ್ಲರ ಹತ್ರ ಇರೋ ಕಾರ್ಡು ಸಮ ಇಲ್ಲ. ಇಬ್ಬರ ಹತ್ರ ದುಬಾರಿ ಕಮಾಂಡರ್ ಡೆಕ್ (ಅದೇ ಹೆಸರಿನ ಆಟದ ಬಗೆಗೆ ಜೋಡಿಸಿದ ಕಾರ್ಡಿನ ಕಟ್ಟು) ಇದೆ, ಮೂವರ ಹತ್ರ ಕಲಿಯೋರಿಗೆ ಅಂತ ಬರೋ ಡೆಕ್ಕು, ಒಬ್ಬರು ಇಲ್ಲಿವರೆಗೂ ಪೋಕೆಮಾನ್ ಮಾತ್ರ ಆಡಿದವರು. ಅವರವರ ಡೆಕ್ ತಂದು ಆಡಿದ್ರೆ ಯಾರು ಗೆಲ್ತಾರೆ ಅಂತ ಬೆಳಿಗ್ಗೇನೇ ಗೊತ್ತಾಗಿಬಿಡುತ್ತೆ. ಅದಕ್ಕೇ ಡ್ರಾಫ್ಟ್ ಮಾಡಿ (ಕಟ್ಟಿನಿಂದ ಒಂದು ಕಾರ್ಡು ಆರಿಸ್ಕೊಂಡು ಉಳಿದದ್ದನ್ನ ಪಕ್ಕದವರಿಗೆ ದಾಟಿಸ್ತಾ ಹೋಗಿ, ಸಿಕ್ಕಿದ್ದರಲ್ಲಿ ಡೆಕ್ ಕಟ್ಟೋದು), ಪ್ರತಿ ರೌಂಡಿಗೂ ಒಂದು ಚೀಟಿ ಎತ್ತಿ ಎಲ್ಲ ಮೇಜಿಗೂ ಅನ್ವಯ ಆಗೋ ಒಂದು ವಿಚಿತ್ರ ನಿಯಮ ಇಡೋಣ ಅಂತ. ಸದ್ಯಕ್ಕೆ ಹೊಳೆದಿರೋ ಚೀಟಿಗಳು:

"ಉಂಬಳ" (ನಮ್ಮ ಕಡೆಯ ಜಿಗಣೆ): ಪ್ರತಿ ಅಪ್‌ಕೀಪ್‌ನಲ್ಲಿ (ಟರ್ನಿನ ಶುರುವಿನಲ್ಲಿ, ಕಾರ್ಡು ಎಳೆಯೋಕೆ ಮುಂಚೆ) ಯಾರ ಲೈಫು ಹೆಚ್ಚಿದೆಯೋ ಅವರಿಗೆ 1 ಡ್ಯಾಮೇಜು.
"ಆಗುಂಬೆ ಮಳೆ": ಯಾವ ಕ್ರೀಚರಿಗೂ ಫ್ಲೈಯಿಂಗ್ (ಹಾರಿ ದಾಳಿ ಮಾಡೋ ಶಕ್ತಿ) ಇಲ್ಲ.
"ಕರೆಂಟು ಹೋಯ್ತು": ಇಬ್ಬರೂ ಕೈಯಲ್ಲಿರೋ ಕಾರ್ಡು ತೆರೆದಿಟ್ಟು ಆಡಬೇಕು.

ಇಬ್ಬರು ತೀರ್ಥಹಳ್ಳಿಯಿಂದ, ಒಬ್ಬರು ಸಾಗರದಿಂದ ಬರೋರು. ಸಂಜೆ 4ಕ್ಕೆ ಬಸ್ ಸ್ಟ್ಯಾಂಡಿನಲ್ಲಿರಬೇಕು. ಯಾವ ತರ ಡ್ರಾಫ್ಟು, ಎಷ್ಟು ರೌಂಡು, ಚೀಟಿಗಳು ಸರಿ ಇವೆಯಾ? ಮಾಡಿ ಗೊತ್ತಿದ್ದವರು ಹೇಳಿ.

ಕಾಡುಮಾವು:

ಬೂಸ್ಟರ್ (ಒಳಗೆ ಯಾವ ಕಾರ್ಡಿದೆ ಅಂತ ಗೊತ್ತಿಲ್ಲದ ಪ್ಯಾಕೆಟ್ಟು) ಕೊಳ್ಳೋಕೆ ಹೋಗಬೇಡಿ. ಎಂಟು ಜನಕ್ಕೆ ತಲಾ ಮೂರರಂತೆ 24 ಪ್ಯಾಕೆಟ್ಟು ಬೇಕು, ಅಷ್ಟೂ ದುಡ್ಡು ಒಂದೇ ದಿನದ ಆಟಕ್ಕೆ ಖರ್ಚು. ಕ್ಯೂಬ್ ಕಟ್ಟಿ. ಅಂದ್ರೆ ನೀವೇ ಆರಿಸಿದ, ಒಂದೊಂದೇ ಪ್ರತಿ ಇರೋ ಕಾರ್ಡಿನ ರಾಶಿ. ಅದನ್ನೇ ಕಲಸಿ 15ರ ಕಟ್ಟು ಮಾಡಿ ಬೂಸ್ಟರಿನ ಹಾಗೆ ಹಂಚೋದು. ಮುಂದಿನ ಸಲಕ್ಕೂ ಅದೇ ರಾಶಿ.

ಲೆಕ್ಕ ಸುಲಭ: 15 ಕಾರ್ಡಿನ 3 ಕಟ್ಟು, 8 ಜನ, ಒಟ್ಟು 360. ನಿಮ್ಮ ಗುಂಪಿಗೆ ಬರೀ ಕಾಮನ್ (ಸುಲಭವಾಗಿ ಸಿಗೋ ದರ್ಜೆಯ) ಕಾರ್ಡಿನ ಕ್ಯೂಬೇ ಸರಿ. ಬಣ್ಣಕ್ಕೆ 50ರಂತೆ ಐದು ಬಣ್ಣಕ್ಕೆ 250, ಎರಡು ಬಣ್ಣದ ಹತ್ತು ಜೋಡಿಗೆ ನಾಲ್ಕರಂತೆ 40, ಆರ್ಟಿಫ್ಯಾಕ್ಟು (ಸಲಕರಣೆ ಕಾರ್ಡು) 30, ಎರಡು ಬಣ್ಣದ ಮಾನಾ (ಬೇರೆ ಕಾರ್ಡು ಹಾಕೋಕೆ ಬೇಕಾದ ಶಕ್ತಿ) ಕೊಡೋ ಲ್ಯಾಂಡು 40. ಈ ಕೊನೇ 40ನ್ನು ಕಡಿಮೆ ಮಾಡೋ ಆಸೆ ಎಲ್ಲರಿಗೂ ಬರುತ್ತೆ, ಯಾಕಂದ್ರೆ ನೋಡೋಕೆ ಸಪ್ಪೆ. ಕಡಿಮೆ ಮಾಡಿದ್ರೆ ಹೊಸಬರ ಡೆಕ್ಕೇ ಮೊದಲು ಕೆಡೋದು: ಕೈತುಂಬ ಕಾರ್ಡು, ಹಾಕೋಕೆ ಬೇಕಾದ ಬಣ್ಣದ ಮಾನಾ ಇಲ್ಲ.

ಬೇಸಿಕ್ ಲ್ಯಾಂಡು (ಒಂದೇ ಬಣ್ಣದ ಮಾನಾ ಕೊಡೋದು) ಬೇರೆ ಡಬ್ಬದಲ್ಲಿರಲಿ. 40 ಕಾರ್ಡಿನ ಡೆಕ್ಕಿಗೆ 17 ಲ್ಯಾಂಡು ಅಂದ್ರೆ ಎಂಟು ಜನಕ್ಕೆ 136. ಆದರೆ ಐದೂ ಬಣ್ಣ ಸಮವಾಗಿ ಖರ್ಚಾಗಲ್ಲ, ಹಾಗಾಗಿ ಬಣ್ಣಕ್ಕೆ 40ರಂತೆ 200 ಇಟ್ಕೊಳ್ಳಿ.

ಕಾಮನ್ ಕ್ಯೂಬಿಗೆ ಒಂದು ರೋಗ ಇದೆ. ಎರಡೂ ಕಡೆ ಕ್ರೀಚರ್ ತುಂಬಿ, ದಾಳಿ ಮಾಡಿದವರಿಗೇ ನಷ್ಟ ಅನ್ನೋ ಸ್ಥಿತಿ ಬಂದು ಆಟ ನಿಂತು ಹೋಗುತ್ತೆ. ಲೈಟ್ನಿಂಗ್ ಬೋಲ್ಟ್, ಡೂಮ್ ಬ್ಲೇಡ್, ಜರ್ನಿ ಟು ನೋವೇರ್ ತರದ, ಕಡಿಮೆ ಮಾನಾದಲ್ಲಿ ಕ್ರೀಚರ್ ತೆಗೆಯೋ ಕಾರ್ಡು ಧಾರಾಳವಾಗಿ ಹಾಕಿ. 2016ರ ಕಾನ್ಸ್ಪಿರಸಿ ಸೆಟ್ಟಿನಿಂದ ಬಂದ ಮೊನಾರ್ಕ್ ಕಾರ್ಡುಗಳು ಇನ್ನೂ ಒಳ್ಳೆ ಔಷಧಿ. ಪ್ಯಾಲೆಸ್ ಸೆಂಟಿನೆಲ್ಸ್, ಥಾರ್ನ್ ಆಫ್ ದ ಬ್ಲ್ಯಾಕ್ ರೋಸ್ ಎರಡೂ ಕಾಮನ್ನೇ. ಮೊನಾರ್ಕ್ ಆದವರಿಗೆ ಅವರ ಟರ್ನಿನ ಕೊನೇಲಿ ಒಂದು ಕಾರ್ಡು ಹೆಚ್ಚಿಗೆ. ಅವರಿಗೆ ಕ್ರೀಚರಿಂದ ಕಾಂಬ್ಯಾಟ್ ಡ್ಯಾಮೇಜು ಮುಟ್ಟಿಸಿದವರಿಗೆ ಆ ಪಟ್ಟ. ಸುಮ್ನೆ ಕೂತವರು ಸೋಲ್ತಾರೆ, ಹಾಗಾಗಿ ಯಾರೂ ಕೂರಲ್ಲ.

ಪಟ್ಟಿ ತಲೆಯಿಂದ ಬರೀಬೇಕಿಲ್ಲ. ಕ್ಯೂಬ್‌ಕೋಬ್ರಾದಲ್ಲಿ (ಕ್ಯೂಬ್ ಪಟ್ಟಿಗಳ ವೆಬ್‌ಸೈಟು) ಪಾಪರ್ ಕ್ಯೂಬ್, ಅಂದ್ರೆ ಬರೀ ಕಾಮನ್ ಕಾರ್ಡಿನ ಕ್ಯೂಬ್, ಅಂತ ಹುಡುಕಿ, ಯಾವುದಾದರೂ ಒಂದನ್ನ ಇಳಿಸಿಕೊಂಡು 360ಕ್ಕೆ ತನ್ನಿ.

ಹಿನ್ನೀರು:

ಅಷ್ಟೂ ಕಾರ್ಡು ಕೊಳ್ಳೋ ಅಗತ್ಯ ಇಲ್ಲ. ಮನೆಯಲ್ಲಿ ಗೆಳೆಯರು ಆಡೋಕೆ, ಮಾರಾಟಕ್ಕಲ್ಲದೆ, ಪ್ರತಿ ಮಾಡ್ಕೊಂಡ್ರೆ ಕಾರ್ಡು ತಯಾರಿಸೋ ಕಂಪನಿಯವರ ತಕರಾರಿಲ್ಲ, 2016ರಲ್ಲಿ ಅವರೇ ಅದನ್ನ ಸ್ಪಷ್ಟ ಮಾಡಿದ್ದಾರೆ. ಅಧಿಕೃತ ಟೂರ್ನಮೆಂಟಿಗೆ ಮಾತ್ರ ಅಸಲಿ ಕಾರ್ಡೇ ಬೇಕು.

ಕಾರ್ಡಿನ ಅಳತೆ 63 × 88 ಮಿ.ಮೀ. ಎ4 ಹಾಳೆಯಲ್ಲಿ ಮೂರು ಸಾಲು ಮೂರು ಕಂಬ, ಒಂಬತ್ತು ಕೂರುತ್ತೆ. 360ಕ್ಕೆ 40 ಹಾಳೆ. ಝೆರಾಕ್ಸ್ ಅಂಗಡೀಲಿ ಹೇಳಬೇಕಾದ ಮಾತು ಒಂದೇ: "ಫಿಟ್ ಟು ಪೇಜ್ ಬೇಡ, ಆಕ್ಚುಯಲ್ ಸೈಜ್." ಅವರ ಮಷೀನಿನಲ್ಲಿ ಫಿಟ್ ಅಂತಲೇ ಇರುತ್ತೆ, 40 ಹಾಳೆ ಸಣ್ಣದಾಗಿ ಬಂದಮೇಲೆ ಗೊತ್ತಾದ್ರೆ ದಂಡ. ಮೊದಲು ಒಂದೇ ಹಾಳೆ ತೆಗೆಸಿ, ಸ್ಕೇಲಿಟ್ಟು 63 ಬಂತಾ ನೋಡಿ, ಆಮೇಲೆ ಉಳಿದದ್ದು. ಕಲರ್ ಲೇಸರ್ ಪ್ರಿಂಟೇ ತೆಗೆಸಿ. ಇಂಕ್‌ಜೆಟ್ಟು ಈ ಥಂಡಿಗೆ ಒದ್ದೆ ಬೆರಳು ತಾಗಿದ್ರೆ ಕದಡುತ್ತೆ. ಕತ್ತರಿಸೋಕೆ ಅವರ ಹತ್ರ ಇರೋ ಹಿಡಿಕೆ ಕಟರ್ರೇ ಸಾಕು. ಮೂಲೆ ದುಂಡು ಮಾಡೋ ಚಾಕರಿ ಬೇಡ, ಸ್ಲೀವಿನೊಳಗೆ (ಕಾರ್ಡಿಗೆ ಹಾಕೋ ಪ್ಲಾಸ್ಟಿಕ್ ಕವರು) ಕಾಣಲ್ಲ.

ಪ್ರಿಂಟಾದ ಚೀಟಿ ಮುಂದೆ, ಬಿಗಿಗೆ ಹಿಂದೊಂದು ಬೇಡದ ಕಾರ್ಡು, ಎರಡೂ ಒಂದೇ ಸ್ಲೀವಿನೊಳಗೆ. ಪೋಕೆಮಾನ್ ಆಡೋರು ಒಬ್ಬರಿದ್ದಾರೆ ಅಂದ್ರಲ್ಲ, ಅವರ ಹತ್ರ ರಾಶಿ ಬಿದ್ದಿರೋ ಎನರ್ಜಿ ಕಾರ್ಡು ಕೇಳಿ, ಅದೂ 63 × 88. ಯುಗಿಯೋ ಕಾರ್ಡು ಆಗಲ್ಲ, ಅದು 59 × 86, ಸ್ಲೀವಿನೊಳಗೆ ಅಲ್ಲಾಡುತ್ತೆ. ಮಾಮೂಲಿ ಇಸ್ಪೀಟೆಲೆಯಲ್ಲಿ ಅಗಲ ಕಡಿಮೆ ಇರೋದೂ ಇದೆ, ಅಳೆದು ನೋಡಿ.

ಇಲ್ಲೇ ಒಂದು ಸೂಕ್ಷ್ಮ ಇದೆ. ರಾಶಿಯಲ್ಲಿ ಅರ್ಧ ಅಸಲಿ, ಅರ್ಧ ಪ್ರಿಂಟಾದ ಚೀಟಿ ಸೇರಿಸಿದ್ದು ಇದ್ರೆ ಕಲಸುವಾಗ ಬೆರಳಿಗೆ ದಪ್ಪ ಗೊತ್ತಾಗುತ್ತೆ. ಬೇಕು ಅಂತ ಮಾಡದಿದ್ರೂ ಕಟ್ ಮಾಡುವಾಗ ಕೈ ಅಲ್ಲೇ ನಿಲ್ಲುತ್ತೆ. ಅಸಲಿ ಕಾರ್ಡಿಗೂ, ಬೇಸಿಕ್ ಲ್ಯಾಂಡಿಗೂ ಅದೇ ಹಾಳೆಯ ಒಂದೊಂದು ಖಾಲಿ ತುಂಡು ಸೇರಿಸಿಬಿಡಿ. ಸ್ಲೀವು ಹಿಂಬದಿ ಕಾಣದ, ಮ್ಯಾಟ್ ಇರೋದು, ಒಂದೇ ಬ್ರಾಂಡು ಒಂದೇ ಬಣ್ಣ, ಒಂದೇ ಸಲಕ್ಕೆ ತರಿಸಿ. 360 ಮತ್ತು 200 ಸೇರಿ 560, ಅಂದ್ರೆ ನೂರರ ಆರು ಪ್ಯಾಕು. ಉಳಿದ 40 ಹರಿದದ್ದಕ್ಕೆ.

ಇನ್ನು ಮಳೆ. ಫಾಯಿಲ್ ಕಾರ್ಡನ್ನ ಒಂದೂ ಸೇರಿಸಬೇಡಿ. ಕಾಗದ ತೇವ ಹೀರಿ ಹಿಗ್ಗುತ್ತೆ, ಮುಖದ ಮೇಲಿನ ಫಾಯಿಲ್ ಪದರ ಹಿಗ್ಗಲ್ಲ, ಹಾಗಾಗಿ ಕಾರ್ಡು ಮುಖದ ಕಡೆಗೆ ದೊನ್ನೆ ತರ ಬಾಗುತ್ತೆ. ರಾಶಿಯಲ್ಲಿ ಅದೊಂದೇ ಬಾಗಿದ್ರೆ ಗುರುತು ಹಾಕಿಟ್ಟ ಹಾಗೇ. ಕ್ಯೂಬನ್ನ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಯಿಸೋ ಜಾತಿಯದಾದ್ರೆ ಯಾವಾಗ ಬದಲಿಸಬೇಕು ಅಂತ ತಿಳಿಯುತ್ತೆ. ಆದರೆ ನೀಲಿದರಲ್ಲಿ ಕೋಬಾಲ್ಟ್ ಇರುತ್ತೆ, ಅದನ್ನ ಅಡುಗೆ ಬಾಣಲೇಲಿ ಹಾಕಿ ಒಣಗಿಸಬೇಡಿ. ಹಳೇ ಮನೆಯವರು ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಡ್ತಾರೆ, ಅದೂ ಬೇಡ, ಹೊಗೆ ಹಿಡಿದು ಸ್ಲೀವು ಅಂಟಂಟಾಗುತ್ತೆ.

ಜಗಲಿಕಟ್ಟೆ:

ಮೇಲಿನ ಇಬ್ಬರೂ ಚೀಟಿ ಬಗ್ಗೆ ಏನೂ ಹೇಳಿಲ್ಲ. ಟೂರ್ನಮೆಂಟು ಕೆಡೋದಾದ್ರೆ ಅಲ್ಲೇ ಕೆಡೋದು ಮಾರಾಯ್ರೆ. ಮೂರನ್ನೂ ತಿದ್ದಬೇಕು.

ಮೊದಲು "ಆಗುಂಬೆ ಮಳೆ." ಎಲ್ಲರಿಗೂ ಒಂದೇ ನಿಯಮ ಅಂತ ಕಾಣುತ್ತೆ, ಆದರೆ ಅಲ್ಲ. ಬಿಳಿ-ನೀಲಿ ಡ್ರಾಫ್ಟ್ ಮಾಡಿದವರ ಡೆಕ್ಕು ನಿಂತಿರೋದೇ ಫ್ಲೈಯಿಂಗ್ ಮೇಲೆ, ಹಸಿರಿನವರಿಗೆ ಅದರಿಂದ ಕಳ್ಕೊಳ್ಳೋದು ಎಂತದೂ ಇಲ್ಲ. ಒಬ್ಬರ ಡೆಕ್ಕನ್ನ ಮಾತ್ರ ಮುರಿಯೋ ಚೀಟಿ ಇಡಬಾರದು. ಬದಲಿಗೆ ಮಳೆ ಅಂದ್ರೆ ಇಬ್ಬರಿಗೂ ತಮ್ಮ ಟರ್ನಿನಲ್ಲಿ ಒಂದು ಲ್ಯಾಂಡು ಹೆಚ್ಚಿಗೆ ಹಾಕೋ ಅವಕಾಶ ಅಂತ ಮಾಡಿ. ದೊಡ್ಡ ಕ್ರೀಚರ್ ಇರೋ ಡೆಕ್ಕಿಗೆ ತುಸು ಅನುಕೂಲ, ಆದರೆ ಯಾರ ಆಟವೂ ನಿಲ್ಲಲ್ಲ.

"ಕರೆಂಟು ಹೋಯ್ತು": ಕೈ ತೆರೆದಿಟ್ಟರೆ ಕೌಂಟರ್‌ಸ್ಪೆಲ್ (ಎದುರಾಳಿ ಹಾಕೋ ಕಾರ್ಡನ್ನ ರದ್ದು ಮಾಡೋದು) ಇಟ್ಕೊಂಡವರ ಕಥೆ ಮುಗೀತು. ಎದುರಾಳಿ ಅದನ್ನ ನೋಡಿಕೊಂಡೇ ಆಡ್ತಾರೆ. ದಾಳಿ ನಡುವೆ ಹಾಕೋ ಇನ್ಸ್ಟಂಟುಗಳೂ ದಂಡ. ಇನ್ನೊಂದು ತೊಂದರೆ, ಏಳು ಏಳು ಕಾರ್ಡು ಓದಿಕೊಂಡು ಲೆಕ್ಕ ಹಾಕ್ತಾ ಕೂತ್ರೆ ಒಂದು ಗೇಮು ಒಂದು ಗಂಟೆ ಹಿಡಿಯುತ್ತೆ. ಕೈ ಮುಚ್ಚಿರಲಿ, ಲೈಬ್ರರಿಯ (ಇನ್ನೂ ಎಳೆಯದ ಕಾರ್ಡಿನ ಗುಡ್ಡೆ) ಮೇಲಿನ ಒಂದು ಕಾರ್ಡು ಮಾತ್ರ ತೆರೆದಿರಲಿ. ಮುಂದೇನು ಬರುತ್ತೆ ಅಂತ ಇಬ್ಬರಿಗೂ ಗೊತ್ತಿರೋದೇ ಸಾಕಷ್ಟು ತಮಾಷೆ ಕೊಡುತ್ತೆ.

"ಉಂಬಳ" ಹೆಸರು ಚೆನ್ನಾಗಿದೆ, ನಿಯಮ ಕೆಲಸ ಮಾಡಲ್ಲ. ನಿಮ್ಮ ನಿಯಮದಲ್ಲಿ ಹೆಚ್ಚು ಲೈಫು ಇರೋರು ಇಳಿದು ಇಳಿದು ಎದುರಾಳಿಗೆ ಸಮ ಆಗ್ತಾರೆ, ಆಮೇಲೆ ಉಂಬಳ ಕಚ್ಚೋದೇ ಇಲ್ಲ. ಗೆಲ್ತಿರೋರನ್ನ ಹಿಂದಕ್ಕೆ ಎಳೆದು ಗೇಮು ಉದ್ದ ಮಾಡುತ್ತೆ ಅಷ್ಟೇ. ನಿಮಗೆ ಬೇಕಾಗಿರೋದು ಅದರ ಉಲ್ಟಾ. ಹೀಗೆ ಬರೀರಿ:

"ಗೇಮಿಗೆ ಒಂದೇ ಉಂಬಳ. ಮೊದಲು ಆಡೋರ ಮೇಲೆ ಶುರು. ಉಂಬಳ ಇರೋರು ತಮ್ಮ ಅಪ್‌ಕೀಪ್‌ನಲ್ಲಿ 1 ಲೈಫು ಕಳ್ಕೊಳ್ತಾರೆ. ಅವರ ಕ್ರೀಚರ್ ಎದುರಾಳಿಗೆ ಕಾಂಬ್ಯಾಟ್ ಡ್ಯಾಮೇಜು ಮಾಡಿದ್ರೆ ಉಂಬಳ ಎದುರಾಳಿಗೆ ಹತ್ತುತ್ತೆ."

ಇದು ಕಾಡುಮಾವು ಅವರು ಹೇಳಿದ ಮೊನಾರ್ಕಿನ ತಲೆಕೆಳಗಾದ ರೂಪ. ಹತ್ತಿಸಿಕೊಂಡವರು ದಾಳಿ ಮಾಡಲೇಬೇಕು. ಮೊದಲು ಆಡೋರಿಗೆ ಇರೋ ಅನುಕೂಲ ಸ್ವಲ್ಪ ಸರಿದೂಗುತ್ತೆ. "ಡ್ಯಾಮೇಜು" ಅಂತ ಬರೆಯದೆ "ಲೈಫು ಕಳ್ಕೊಳ್ತಾರೆ" ಅಂತಲೇ ಬರೀರಿ. ಡ್ಯಾಮೇಜು ಅಂದ್ರೆ ಅದರ ಮೂಲ ಯಾವುದು, ಬಣ್ಣ ಯಾವುದು, ಅದನ್ನ ತಡೆಯೋ ಕಾರ್ಡು ಹಾಕಬಹುದಾ ಅಂತ ಜಗಳ ಶುರು. ಗುರುತಿಗೆ ಒಂದು ಗೋಟಡಿಕೆ ಇಟ್ಕೊಳ್ಳಿ, ಉಂಬಳ ಇರೋರ ಮುಂದೆ ಅದಿರಲಿ. ಇಬ್ಬರ ಟರ್ನೂ ಒಂದು ಸುತ್ತು ಮುಗಿದರೂ ಉಂಬಳ ಕದಲದಿದ್ರೆ 1ರ ಬದಲು 2 ಅಂತ ಇಟ್ಟರೆ ಇನ್ನೂ ಚುರುಕು.

ಚೀಟಿ ಆರು ಮಾಡಿ, ಮೂರು ರೌಂಡಿಗೆ ಮೂರು ಎತ್ತಿ. ಆರನ್ನೂ ಡ್ರಾಫ್ಟಿಗೆ ಮುಂಚೆಯೇ ಓದಿ ಹೇಳಿ ಗೋಡೆಗೆ ಅಂಟಿಸಿ, ಯಾವ ರೌಂಡಿಗೆ ಯಾವುದು ಅನ್ನೋದು ಮಾತ್ರ ರೌಂಡು ಶುರುವಾಗುವಾಗ ಗೊತ್ತಾಗಲಿ. ಡೆಕ್ ಕಟ್ಟಿ ಆದಮೇಲೆ ಹೊಸ ನಿಯಮ ತಂದ್ರೆ ಅದು ಅದೃಷ್ಟ, ಮೊದಲೇ ಗೊತ್ತಿದ್ರೆ ಅದು ಲೆಕ್ಕಾಚಾರ. "ಲಾಸ್ಟ್ ಬಸ್: ಎಲ್ಲರೂ 15 ಲೈಫಿಂದ ಶುರು" ಅಂತ ಯಾರಾದರೂ ಹೇಳೇ ಹೇಳ್ತಾರೆ, ಒಪ್ಪಬೇಡಿ. ಕೆಂಪು-ಬಿಳಿಯ ಸಣ್ಣ ಕ್ರೀಚರ್ ಡೆಕ್ಕು ನಾಲ್ಕು ಟರ್ನಿಗೆ ಮುಗಿಸಿಬಿಡುತ್ತೆ.

ಒಂದು ಪುಕ್ಕಟೆ ಸಲಹೆ: 1998ರ ಅನ್‌ಗ್ಲೂಡ್ ಸೆಟ್ಟಿನಲ್ಲಿ ಕೇಯಾಸ್ ಕನ್ಫೆಟ್ಟಿ ಅಂತ ಒಂದು ಕಾರ್ಡಿದೆ. ಅದನ್ನ ಹರಿದು ಚೂರು ಮಾಡಿ ಐದು ಅಡಿ ದೂರದಿಂದ ಎಸೆಯೋದು, ಚೂರು ತಾಗಿದ ಕಾರ್ಡೆಲ್ಲ ನಾಶ. ಝೆರಾಕ್ಸ್ ಹೇಗೂ ಮಾಡಿಸ್ತೀರಿ, ಅದರ ನಾಲ್ಕು ಪ್ರತಿ ತೆಗೆಸಿ, ಕ್ಯೂಬಿನಲ್ಲಿ ಒಂದು ಇಡಿ, ಉಳಿದದ್ದು ಮುಂದಿನ ಸಲಕ್ಕೆ. ಫ್ಯಾನ್ ಆಫ್ ಮಾಡಿ ಎಸೀರಿ.

ತುಂಗೆದಂಡೆ:

ಉಂಬಳದ ಹೊಸ ನಿಯಮ ಬರ್ಕೊಂಡೆ, ಥ್ಯಾಂಕ್ಸ್. ಎರಡು ಪ್ರಶ್ನೆ. ಸಾಗರದವರು ಬರೋದು ಅನುಮಾನ, ಏಳೇ ಜನ ಆದ್ರೆ? ಮತ್ತೆ ಗುಂಪಿನಲ್ಲಿ ಒಬ್ಬರು ಬ್ಯಾಕ್‌ಡ್ರಾಫ್ಟ್ ಮಾಡೋಣ ಅಂತಿದ್ದಾರೆ, ಅತಿ ಕೆಟ್ಟ ಕಾರ್ಡು ಆರಿಸಿ ಅದನ್ನ ಎದುರಾಳಿಗೆ ಕೊಡೋದು. ಅದು ಹೇಗೆ?

ಮೂರನೇರೌಂಡು:

ಏಳಾದರೂ ಡ್ರಾಫ್ಟು ನಡೆಯುತ್ತೆ, 315 ಕಾರ್ಡು ಸಾಕು, 45 ಎತ್ತಿಡಿ. ರೌಂಡಿಗೊಬ್ಬರಿಗೆ ಬೈ, ಅಂದ್ರೆ ಎದುರಾಳಿ ಇಲ್ಲದ ಬಿಡುವು. ಮೊದಲ ರೌಂಡಿನ ಬೈ ಚೀಟಿ ಎತ್ತಿ, ಆಮೇಲಿನದ್ದು ಅಂಕಪಟ್ಟಿಯ ಕೊನೆಯಲ್ಲಿ, ಇನ್ನೂ ಬೈ ಸಿಗದೆ ಇರೋರಿಗೆ. ಬೈ ಅಂದ್ರೆ 2–0 ಗೆಲುವು, 3 ಅಂಕ. ಬೈ ಸಿಕ್ಕವರು ಸುಮ್ನೆ ಕೂರೋ ಬದಲು ಗಡಿಯಾರ ನೋಡಲಿ, ನಿಯಮದ ಪ್ರಶ್ನೆ ಬಂದ್ರೆ ಹುಡುಕಲಿ. ಕಾರ್ಡಿನ ಈಗಿನ ಪಠ್ಯ, ಕಾರ್ಡು ಹುಡುಕೋ ವೆಬ್‌ಸೈಟು ಸ್ಕ್ರೈಫಾಲ್‌ನಲ್ಲಿ ಸಿಗುತ್ತೆ. ಮಳೆಗೆ ನೆಟ್‌ವರ್ಕ್ ನಂಬೋ ಹಾಗಿಲ್ಲ, ಕ್ಯೂಬಿನ ಪಟ್ಟಿ ಪೂರ್ತಿ ಪಠ್ಯದ ಜೊತೆ ಮೊದಲೇ ಇಳಿಸಿಟ್ಟುಕೊಳ್ಳಿ.

ಜೋಡಿ ಹಾಕೋದು ಸ್ವಿಸ್ ಪದ್ಧತಿ: ಸಮ ಅಂಕ ಇರೋರ ನಡುವೆ ಆಟ, ಒಮ್ಮೆ ಆಡಿದವರ ಜೊತೆ ಮತ್ತೆ ಇಲ್ಲ. ಗೆದ್ದರೆ 3, ಡ್ರಾ 1, ಸೋತರೆ 0. ಎಂಟು ಜನಕ್ಕೆ ಮೂರು ರೌಂಡು ಸಾಕು, ಡ್ರಾ ಆಗದಿದ್ರೆ ಮೂರೂ ಗೆದ್ದವರು ಒಬ್ಬರೇ ಉಳೀತಾರೆ. ಅದಾದ ಮೇಲೆ ಸೆಮಿಫೈನಲ್ಲು ಫೈನಲ್ಲು ಅಂತೆಲ್ಲ ಇಟ್ರೆ ತೀರ್ಥಹಳ್ಳಿ ಬಸ್ಸು ತಪ್ಪುತ್ತೆ.

ಎರಡನೇ ಸ್ಥಾನಕ್ಕೆ 6 ಅಂಕದ ಮೂವರು ಇರ್ತಾರೆ. ಅಲ್ಲಿ ನೋಡೋದು ಎದುರಾಳಿಗಳ ಗೆಲುವಿನ ಪ್ರಮಾಣ. ಒಬ್ಬರ ಎದುರಾಳಿಗಳು 9, 6, 3 ಅಂಕ ಗಳಿಸಿದ್ರೆ, ಗರಿಷ್ಠ 9 ಅಂಕಕ್ಕೆ ಅವು ಶೇಕಡಾ 100, 66.67, 33.33, ಸರಾಸರಿ 66.67. ಇನ್ನೊಬ್ಬರ ಎದುರಾಳಿಗಳು 3, 3, 0 ಗಳಿಸಿದ್ರೆ, ಸೊನ್ನೆಯನ್ನ 33 ಅಂತ ಹಿಡೀಬೇಕು (33ಕ್ಕಿಂತ ಕೆಳಗೆ ಯಾರನ್ನೂ ಇಳಿಸಲ್ಲ), ಸರಾಸರಿ 33.22. ಮೊದಲನೆಯವರು ಮುಂದೆ. ಬೈ ಇದ್ರೆ ಆ ರೌಂಡನ್ನ ಈ ಲೆಕ್ಕದಿಂದ ಬಿಟ್ಟುಬಿಡಿ. ಮೊದಲ ರೌಂಡಿನಲ್ಲೇ ಸೋತು ಆಮೇಲೆ ಸುಲಭದ ಎದುರಾಳಿ ಸಿಕ್ಕವರು ಹಿಂದೆ ಬೀಳೋದು ಇದರಿಂದಲೇ, ಕೇಳಿದ್ರೆ ತೋರಿಸೋಕೆ ಕಾಗದದಲ್ಲಿ ಬರೆದಿಡಿ.

ಸಮಯ ಹೀಗೆ ಹೊಂದುತ್ತೆ: 10ಕ್ಕೆ ಡ್ರಾಫ್ಟು, 11ಕ್ಕೆ ಡೆಕ್ ಕಟ್ಟೋದು, 11:30ಕ್ಕೆ ಮೊದಲ ರೌಂಡು, 12:30ಕ್ಕೆ ಊಟ, 1:15ಕ್ಕೆ ಎರಡನೇದು, 2:15ಕ್ಕೆ ಮೂರನೇದು. ಒಂದು ರೌಂಡು ಅಂದ್ರೆ ಮೂರು ಗೇಮಿನಲ್ಲಿ ಎರಡು ಗೆಲ್ಲಬೇಕು, 50 ನಿಮಿಷ. ಗಂಟೆ ಹೊಡೆದಾಗ ನಡೀತಿರೋ ಟರ್ನು ಮುಗಿಸಿ, ಇಬ್ಬರದ್ದೂ ಸೇರಿ ಇನ್ನು ಐದು ಟರ್ನು, ಅಷ್ಟರಲ್ಲಿ ತೀರ್ಮಾನ ಆಗದ ಗೇಮು ಡ್ರಾ. ಮೊದಲ ಸಲ ಡ್ರಾಫ್ಟ್ ಮಾಡೋರು ಒಂದೊಂದು ಕಾರ್ಡನ್ನೂ ಪೂರ್ತಿ ಓದ್ತಾರೆ. ಮೊದಲ ಕಟ್ಟಿಗೆ ಸಮಯ ಕೊಡಿ, ಎರಡು ಮೂರನೇ ಕಟ್ಟು ತಾನಾಗೇ ಬೇಗ ಸಾಗುತ್ತೆ. ಕಟ್ಟು ಹಸ್ತಾಂತರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

ಪೋಕೆಮಾನ್‌ನವರಿಗೆ ಮೊದಲೇ ಎರಡು ವಿಷಯ ಹೇಳಿ. ಇಲ್ಲಿ ಎದುರಾಳಿಯ ಟರ್ನಿನಲ್ಲೂ ಕಾರ್ಡು ಹಾಕಬಹುದು, ಮತ್ತೆ ಮಾನಾಗೆ ಬಳಸಿ ಅಡ್ಡ ತಿರುಗಿಸಿದ ಲ್ಯಾಂಡು ತಮ್ಮ ಮುಂದಿನ ಟರ್ನಿಗೆ ಎದ್ದು ನಿಲ್ಲುತ್ತೆ, ಮತ್ತೆ ಬಳಸಬಹುದು. ಡೆಕ್ ಕಟ್ಟುವಾಗ ಎರಡೇ ಬಣ್ಣ, 17 ಲ್ಯಾಂಡು, 23 ಉಳಿದದ್ದು, ಅದರಲ್ಲಿ 15ರ ಸುಮಾರು ಕ್ರೀಚರ್ ಅಂತ ಚೀಟಿ ಬರೆದುಕೊಡಿ. ಡ್ರಾಫ್ಟಾದ ಮೇಲೆ ಲ್ಯಾಂಡೆಲ್ಲ ಒಂದೇ ಕಡೆ ಗುಂಪಾಗಿರುತ್ತೆ, ಕನಿಷ್ಠ ಏಳು ಸಲ ಅರ್ಧ ಅರ್ಧ ಮಾಡಿ ಒಂದಕ್ಕೊಂದು ನುಗ್ಗಿಸಿ ಕಲಸಬೇಕು. ಸಾಲಾಗಿ ಗುಡ್ಡೆ ಹಾಕೋದು ಎಣಿಸೋಕೆ ಸರಿ, ಅದು ಕಲಸಿದ ಹಾಗಲ್ಲ.

ಲೈಫನ್ನ ದಾಳದಲ್ಲಿ ಇಡಬೇಡಿ, ಮೇಜು ಅಲ್ಲಾಡಿದ್ರೆ ತಿರುಗುತ್ತೆ. ಇಬ್ಬರೂ ಇಬ್ಬರ ಲೈಫನ್ನೂ ಕಾಗದದಲ್ಲಿ ಬರೀಲಿ. ಉಂಬಳ ಚೀಟಿ ಬಂದ ರೌಂಡಿನಲ್ಲಿ ಅಪ್‌ಕೀಪ್ ಮರೆಯೋದೇ ಹೆಚ್ಚು, ಗೋಟಡಿಕೆಯನ್ನ ಲೈಬ್ರರಿ ಮೇಲೇ ಇಟ್ಟರೆ ಕಾರ್ಡು ಎಳೆಯೋಕೆ ಮುಂಚೆ ಕೈಗೆ ಸಿಗುತ್ತೆ.

ಕಾಡುಮಾವು:

ಬ್ಯಾಕ್‌ಡ್ರಾಫ್ಟು ಈ ಕ್ಯೂಬಿಗೆ ಹೊಂದಲ್ಲ. ಆರಿಸಿ ತೆಗೆದ 360ರಲ್ಲಿ ಕೆಟ್ಟ ಕಾರ್ಡೇ ಇರಲ್ಲವಲ್ಲ. ಎಲ್ಲರೂ ಮಾಡೋದು ಒಂದೇ ಉಪಾಯ: ಐದೂ ಬಣ್ಣ ಹರಡಿ ಕೊಡೋದು, ಕ್ರೀಚರ್ ಸಿಗದ ಹಾಗೆ ನೋಡ್ಕೊಳ್ಳೋದು. ಆಮೇಲೆ ಇಬ್ಬರೂ ಮಾನಾ ಸಿಗದೆ ಕೂತಿರ್ತಾರೆ. ಅದು ಬೇಕೇ ಬೇಕು ಅಂದ್ರೆ ಬೇಡದ ಹಳೇ ಕಾಮನ್ನುಗಳ ರಾಶಿಯಿಂದ, ನಾಲ್ಕೇ ಜನ, ಬೇರೆ ದಿನ ಆಡಿ. ಪ್ರತಿ ರೌಂಡಿಗೂ ಎದುರಾಳಿ ಕೊಟ್ಟ ಕಾರ್ಡಿನಿಂದ ಹೊಸದಾಗಿ ಡೆಕ್ ಕಟ್ಟಬೇಕಾಗೋದ್ರಿಂದ ರೌಂಡಿಗೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತೆ.

ಬೇಗ ಮುಗಿಸಿ ಕೂತ ಇಬ್ಬರಿಗೆ ವಿನ್‌ಸ್ಟನ್ ಡ್ರಾಫ್ಟು ಕಲಿಸಿ, ಮ್ಯಾಜಿಕ್ ಕಂಡುಹಿಡಿದ ರಿಚರ್ಡ್ ಗಾರ್ಫೀಲ್ಡರದ್ದೇ ಅದು. 90 ಕಾರ್ಡು ಮುಚ್ಚಿಟ್ಟು, ಪಕ್ಕದಲ್ಲಿ ಒಂದೊಂದು ಕಾರ್ಡಿನ ಮೂರು ಗುಡ್ಡೆ. ಮೊದಲ ಗುಡ್ಡೆ ನೋಡಿ, ಬೇಕಾದ್ರೆ ಪೂರ್ತಿ ತಗೊಂಡು ಆ ಜಾಗಕ್ಕೆ ಹೊಸ ಕಾರ್ಡು ಇಡೋದು, ಬೇಡವಾದ್ರೆ ಅದರ ಮೇಲೆ ಒಂದು ಸೇರಿಸಿ ಮುಂದಿನ ಗುಡ್ಡೆಗೆ. ಮೂರೂ ಬೇಡ ಅಂದ್ರೆ ರಾಶಿಯ ಮೇಲಿನ ಕಾರ್ಡು ಕಣ್ಣು ಮುಚ್ಚಿ ಎತ್ಕೊಳ್ಳೋದು. ಏಳೇ ಜನ ಆದ್ರೆ ಎತ್ತಿಟ್ಟ 45ಕ್ಕೆ ಡ್ರಾಫ್ಟಾದ ಮೇಲೆ ಯಾರ ಡೆಕ್ಕಿಗೂ ಸೇರದೆ ಉಳಿದದ್ದರಿಂದ ಇನ್ನೊಂದು 45 ಸೇರಿಸಿ.

ಹಿನ್ನೀರು:

ಬಹುಮಾನಕ್ಕೆ ಎಲ್ಲರ ಹತ್ರ ದುಡ್ಡೆತ್ತಿ ಗೆದ್ದವರಿಗೆ ಕೊಡೋದು ಬೇಡ, ಅದು ಜೂಜಿನ ಕಡೆ ವಾಲುತ್ತೆ. ಒಂದೆರಡು ಬೂಸ್ಟರ್ ತಂದು ಒಡೆದು, ಮೊದಲ ಸ್ಥಾನದಿಂದ ಎಂಟನೇವರೆಗೂ ಒಂದೊಂದು ಕಾರ್ಡು ಆರಿಸ್ಕೊಳ್ಳಲಿ, ಮತ್ತೆ ಎಂಟರಿಂದ ಹಿಂದಕ್ಕೆ.

ತಿಂಡಿ ಮೇಜಿನ ಮೇಲೆ ಬೇಡ. ಮಿರ್ಚಿ ಬಜ್ಜಿಯ ಎಣ್ಣೆ ಮ್ಯಾಟ್ ಸ್ಲೀವಿಗೆ ಹತ್ತಿದ್ರೆ ಒರೆಸಿದರೂ ಕಲೆ ಹಾಗೇ ಉಳಿಯುತ್ತೆ, ಆ ಕಾರ್ಡು ಗುರುತು ಹತ್ತಿದ ಲೆಕ್ಕಕ್ಕೆ ಬರುತ್ತೆ. ರೌಂಡುಗಳ ನಡುವೆ, ಒಳಗೆ, ಕೈ ತೊಳೆದು. ಮಂಡಕ್ಕಿಗೆ ಚಮಚ ಕೊಡಿ.

ಜಗಲಿಯಲ್ಲಿ ಇರಿಚಲು ಹೊಡೆಯೋ ಕಡೆ ಮೇಜು ಹಾಕಬೇಡಿ. ಚಾರ್ಜ್ ಆಗೋ ದೀಪ ಎರಡು ಇಟ್ಕೊಳ್ಳಿ. ಮೋಡ ಕವಿದ ಮಧ್ಯಾಹ್ನ ಕರೆಂಟು ಹೋದ್ರೆ ಕಪ್ಪು ಕಾರ್ಡಿನ ಸಣ್ಣ ಅಕ್ಷರ ಓದೋಕಾಗಲ್ಲ. ಮೂರನೇ ರೌಂಡು ಮುಗಿದದ್ದೇ ಎಲ್ಲರೂ ತಮ್ಮ ತಮ್ಮ 45 ಎಣಿಸಿ ಕೊಟ್ಟು ಹೊರಡಲಿ, ಲ್ಯಾಂಡು ಬೇರೆ. ಒಟ್ಟಿಗೆ ರಾಶಿ ಹಾಕಿ ಆಮೇಲೆ ಎಣಿಸಿದ್ರೆ 359 ಬರುತ್ತೆ, ಉಳಿದ ಒಂದು ಯಾರ ಬ್ಯಾಗಿನಲ್ಲಿ ತೀರ್ಥಹಳ್ಳಿಗೆ ಹೋಯ್ತು ಅಂತ ಗೊತ್ತಾಗಲ್ಲ.

ತುಂಗೆದಂಡೆ:

ಪಟ್ಟಿ ಇಳಿಸಿ 360ಕ್ಕೆ ತರ್ತಿದ್ದೀನಿ, ಹಸಿರಿನಲ್ಲಿ ಎಂಟು ಜಾಸ್ತಿ ಆಗಿದೆ. ಉಳಿದ ಮೂರು ಚೀಟಿಗೆ ಯಾರಿಗಾದರೂ ಏನಾದರೂ ಹೊಳೆದ್ರೆ ಇಲ್ಲೇ ಹಾಕಿ, ಜಗಲಿಕಟ್ಟೆಯವರು ಒಪ್ಪಿದ್ರೆ ಮಾತ್ರ ಗೋಡೆಗೆ ಅಂಟಿಸ್ತೀನಿ.